ವಾಚನ ಕೊಠಡಿಯಲ್ಲಿ ಕ್ಯಾಮೆರಾ: ಪತ್ರಾಗಾರಗಳ ಮುಂದಿರುವ ದಾರಿಗಳ ಹೋಲಿಕೆ

ಹಳೆಯ ದಾಖಲೆಗಳನ್ನು ಓದಲು ಬಂದವರು ತಮ್ಮ ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಬೆಂಗಳೂರಿನ ಪ್ರತಿಯೊಂದು ಸಂಗ್ರಹವೂ ಇಂದಲ್ಲ ನಾಳೆ ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ. ನಮ್ಮ ನಗರದಲ್ಲಿ ಇಂಥ ಸಂಗ್ರಹಗಳು ನಾವು ಎಣಿಸುವುದಕ್ಕಿಂತ ಹೆಚ್ಚಿವೆ. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ಮಿಷನ್ ದಾಖಲೆಗಳಿರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಕೊಡೈಕೆನಾಲ್ ವೀಕ್ಷಣಾಲಯದ ಹಳೆಯ ಕಾಗದಗಳನ್ನು ಇಟ್ಟುಕೊಂಡಿರುವ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ಆರಂಭವಾದ ವಿಜ್ಞಾನ ಇತಿಹಾಸದ ಪತ್ರಾಗಾರ ಇವು ಹೆಸರು ಗೊತ್ತಿರುವಂಥವು. ಇವುಗಳ ಆಚೆಗೆ ಹಳೆಯ ಪ್ರೌಢಶಾಲೆಗಳು, ಉಚಿತ ವಿದ್ಯಾರ್ಥಿನಿಲಯಗಳು, ಸಹಕಾರ ಸಂಘಗಳು, ಮಠಗಳು, ಚರ್ಚುಗಳು, ಕಾರ್ಮಿಕ ಸಂಘಗಳು ತಮ್ಮ ಬೀರುಗಳಲ್ಲಿ ದಾಖಲೆಗಳನ್ನು ಕಾಪಿಟ್ಟುಕೊಂಡಿವೆ, ಮತ್ತು ಅವುಗಳಲ್ಲಿ ಬಹುಪಾಲಿಗೆ ಈ ವಿಷಯದಲ್ಲಿ ಬರೆದಿಟ್ಟ ನಿಯಮವೇ ಇಲ್ಲ. ನಿಯಮವಿಲ್ಲದ ಕಡೆ ಆ ದಿನ ಮೇಜಿನ ಹಿಂದೆ ಯಾರು ಕುಳಿತಿದ್ದಾರೆ ಎಂಬುದೇ ನಿಯಮವಾಗುತ್ತದೆ. ಒಬ್ಬರಿಗೆ ಸಿಕ್ಕ ಅನುಮತಿ ಇನ್ನೊಬ್ಬರಿಗೆ ಸಿಗುವುದಿಲ್ಲ, ಪರಿಚಯದ ಪ್ರಾಧ್ಯಾಪಕರ ವಿದ್ಯಾರ್ಥಿಗೆ ಸಿಕ್ಕದ್ದು ದೂರದ ಜಿಲ್ಲೆಯಿಂದ ಒಬ್ಬಂಟಿಯಾಗಿ ಬಂದವರಿಗೆ ಸಿಗುವುದಿಲ್ಲ.

ಆ ನಿಯಮವನ್ನು ಬರೆಯಬೇಕಾದ ಗ್ರಂಥಪಾಲಕರು, ಟ್ರಸ್ಟಿನ ಕಾರ್ಯದರ್ಶಿಗಳು ಮತ್ತು ಸಮಿತಿಯ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಸಿದ್ಧಪಡಿಸಿದ್ದೇನೆ. ಚಿತ್ರ ತೆಗೆಯುವ ಸಂಶೋಧಕರಿಗೆ ಬೇಕಾದ ಕೆಲವು ಲೆಕ್ಕಗಳೂ ನಡುವೆ ಬರುತ್ತವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಹುತೇಕ ಸಂಸ್ಥೆಗಳಿಗೆ ಒಪ್ಪುವ ದಾರಿ ಎಂದರೆ ಓದುಗರು ತಮ್ಮದೇ ಕ್ಯಾಮೆರಾದಿಂದ, ಶುಲ್ಕವಿಲ್ಲದೆ, ಒಂದು ಮುಚ್ಚಳಿಕೆಗೆ ಸಹಿ ಮಾಡಿ ಚಿತ್ರ ತೆಗೆದುಕೊಳ್ಳಲು ಬಿಡುವುದು, ಮತ್ತು ಯಾವುದಕ್ಕೆ ಬಿಡಬಾರದು ಎಂಬುದನ್ನು ಓದುಗರ ಮುಖ ನೋಡದೆ ದಾಖಲೆಯ ಸ್ಥಿತಿ ನೋಡಿ ನಿರ್ಧರಿಸುವುದು.

ಹಾನಿಯ ಲೆಕ್ಕ

ಕ್ಯಾಮೆರಾ ಬೇಡ ಎನ್ನುವವರು ಮೊದಲು ಹೇಳುವ ಕಾರಣ ಬೆಳಕು. ಬೆಳಕಿನಿಂದ ಕಾಗದಕ್ಕೂ ಶಾಯಿಗೂ ಆಗುವ ಹಾನಿ ನಿಜವಾದದ್ದು, ಒಮ್ಮೆ ಆದದ್ದು ಹಿಂದಿರುಗುವುದಿಲ್ಲ, ಮತ್ತು ಅದು ವರ್ಷಗಟ್ಟಲೆ ಸೇರುತ್ತಾ ಹೋಗುತ್ತದೆ. ಸೂಕ್ಷ್ಮ ವಸ್ತುಗಳನ್ನು ಪ್ರದರ್ಶಿಸುವಾಗ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ ಬೆಳಕಿನ ಮಿತಿಯನ್ನು ಪಾಲಿಸುವುದು ಈ ಕಾರಣಕ್ಕೇ. ಆದರೆ ಫ್ಲಾಶ್ ಹಾಕದೆ ತೆಗೆದ ಚಿತ್ರಕ್ಕೆ ಓದುವವರ ಕಣ್ಣಿಗೆ ಹೇಗಿದ್ದರೂ ಬೇಕಾದ ಬೆಳಕಿಗಿಂತ ಒಂದು ಕಣ ಹೆಚ್ಚು ಬೆಳಕು ಬೇಕಾಗುವುದಿಲ್ಲ. ಫ್ಲಾಶ್ ಕೂಡ ಕ್ಷಣಮಾತ್ರದ್ದು. ಕಿಟಕಿಯ ಪಕ್ಕದ ಮೇಜಿನ ಮೇಲೆ ಇಡೀ ಮಧ್ಯಾಹ್ನ ತೆರೆದಿಟ್ಟ ರಿಜಿಸ್ಟರಿಗೆ ಆಗುವ ಹಾನಿಯ ಮುಂದೆ ಅದು ತೀರಾ ಅಲ್ಪ. ಹಾಗಿದ್ದರೂ ಫ್ಲಾಶನ್ನು ನಿಷೇಧಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದರಿಂದ ಚಿತ್ರಕ್ಕೆ ಯಾವ ಪ್ರಯೋಜನವೂ ಇಲ್ಲ, ಹೊಳಪು ಕಾಗದದ ಮೇಲೆ ಅದು ಬಿಳಿಯ ಮಚ್ಚೆಯನ್ನು ಬಿಡುತ್ತದೆ, ಪಕ್ಕದಲ್ಲಿ ಕುಳಿತು ಮಾಸಿದ ಅಕ್ಷರ ಬಿಡಿಸುತ್ತಿರುವವರ ಗಮನವನ್ನು ಕೆಡಿಸುತ್ತದೆ.

ದಾಖಲೆಗಳನ್ನು ನಿಜವಾಗಿ ಸವೆಸುವುದು ಕೈ. ಹೊಲಿಗೆ ಹಾಕಿದ ದಪ್ಪ ರಿಜಿಸ್ಟರನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಮಗುಚಿ ಹಾಕಿ, ನಡುವಿನ ಸಾಲುಗಳು ಬರಲೆಂದು ಅದರ ಬೆನ್ನನ್ನು ಅಂಗೈಯಿಂದ ಒತ್ತುವುದು ನಮ್ಮ ಸಂಸ್ಥೆಗಳಲ್ಲಿ ದಶಕಗಳ ಕಾಲ ನಡೆದ ರೂಢಿ. ಇದರ ಪಕ್ಕದಲ್ಲಿಟ್ಟು ನೋಡಿದರೆ ಮೇಲಿನಿಂದ ಚಿತ್ರ ತೆಗೆಯುವ ಕ್ಯಾಮೆರಾ ಎಷ್ಟೋ ಮೃದು, ಏಕೆಂದರೆ ಅದು ದಾಖಲೆಯನ್ನು ಮುಟ್ಟುವುದೇ ಇಲ್ಲ. ಅದರ ಅಪಾಯ ಇರುವುದು ಬೇರೆ ಕಡೆ, ವೇಗದಲ್ಲಿ. ಕೈಯಲ್ಲಿ ಟಿಪ್ಪಣಿ ಬರೆದುಕೊಳ್ಳುವವರು ಇಡೀ ದಿನದಲ್ಲಿ ಕೆಲವೇ ಹತ್ತಾರು ಪುಟಗಳನ್ನು ಮಗುಚಿದರೆ, ಮೊಬೈಲ್ ಹಿಡಿದವರು ಅಷ್ಟೇ ಹೊತ್ತಿನಲ್ಲಿ ಮುನ್ನೂರು ನಾನ್ನೂರು ಪುಟಗಳನ್ನು ಮಗುಚಬಲ್ಲರು. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಪುಟ ಎಂದಾಗ ಮಡಿಕೆಯ ಅಂಚುಗಳು ಹರಿಯುತ್ತವೆ. ಮೇಲ್ವಿಚಾರಣೆ ಗಮನಿಸಬೇಕಾದದ್ದು ಇದನ್ನು. ಇನ್ನೊಂದು ಬದಿಯ ಲೆಕ್ಕವೂ ಇದೆ: ಒಮ್ಮೆ ಸರಿಯಾಗಿ ಚಿತ್ರ ತೆಗೆದುಕೊಂಡು ಹೋದವರು ಒಂದು ಅಂಕಿಯನ್ನು ಮತ್ತೆ ಪರೀಕ್ಷಿಸಲು, ಒಂದು ಹೆಸರಿನ ಕಾಗುಣಿತ ನೋಡಲು ಅದೇ ಕಟ್ಟನ್ನು ಮತ್ತೆ ಮತ್ತೆ ತರಿಸುವುದಿಲ್ಲ. ಒಂದು ದಿನದ ಸವೆತ ಹೆಚ್ಚಾದರೂ ಹತ್ತು ವರ್ಷದ ಸವೆತ ಕಡಿಮೆಯಾಗುತ್ತದೆ.

ಕೈಬರಹ ಮಾತ್ರ, ಇಲ್ಲವೇ ಸಂಸ್ಥೆಯೇ ಕೊಡುವ ಪ್ರತಿ

ಕ್ಯಾಮೆರಾವನ್ನು ಪೂರ್ತಿಯಾಗಿ ನಿಷೇಧಿಸಿ ಪೆನ್ಸಿಲು ಕಾಗದಕ್ಕೆ ಮಾತ್ರ ಅವಕಾಶ ಕೊಡುವ ಸಂಸ್ಥೆಗಳು ಇನ್ನೂ ಇವೆ. ಕೈಯಲ್ಲಿ ಬರೆದುಕೊಳ್ಳುವಾಗ ದಾಖಲೆ ಮನಸ್ಸಿಗೆ ಇಳಿಯುವ ರೀತಿಯನ್ನು ನಾನು ಗೌರವಿಸುತ್ತೇನೆ, ಹಳೆಯ ಕೂಡುಬರಹವಾದ ಮೋಡಿ ಅಕ್ಷರ ಅಥವಾ ಹಳೆಯ ಕಚೇರಿ ಕೈಬರಹವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆದರೆ ಅದನ್ನು ಎಲ್ಲರ ಮೇಲೂ ನಿಯಮವಾಗಿ ಹೇರಿದಾಗ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಜಯನಗರದಲ್ಲಿ ಮನೆ ಇರುವವರು ತಿಂಗಳುಗಟ್ಟಲೆ ಬಂದು ಕುಳಿತು ಬರೆದುಕೊಳ್ಳಬಹುದು. ಬೀದರಿನಿಂದ, ರಾಯಚೂರಿನಿಂದ ರಾತ್ರಿ ರೈಲಿನಲ್ಲಿ ಬಂದು ಮೆಜೆಸ್ಟಿಕ್ಕಿನ ಲಾಡ್ಜಿಗೆ ದಿನದ ಬಾಡಿಗೆ ಕಟ್ಟುವ ಸಂಶೋಧನಾ ವಿದ್ಯಾರ್ಥಿಗೆ ಅದು ಆಗದ ಮಾತು. ಕಂದಾಯದ ಕೋಷ್ಟಕಗಳ ಸಾವಿರಾರು ಅಂಕಿಗಳನ್ನು ಆತುರದಲ್ಲಿ ನಕಲು ಮಾಡಿಕೊಂಡಾಗ ನುಸುಳುವ ತಪ್ಪುಗಳು ಮುಂದೆ ಪ್ರಬಂಧಕ್ಕೆ, ಪುಸ್ತಕಕ್ಕೆ ಹೋಗಿ ಸೇರುತ್ತವೆ. ಮನೆಯಲ್ಲಿ ನೋಡಿಕೊಳ್ಳಬೇಕಾದ ಮಕ್ಕಳಿರುವ ಮಹಿಳಾ ಸಂಶೋಧಕರಿಗೂ ಈ ನಿಯಮ ಬಾಗಿಲು ಮುಚ್ಚಿದಂತೆಯೇ. ಇಡೀ ಸಂಗ್ರಹಕ್ಕೆ ಈ ದಾರಿಯನ್ನು ಆರಿಸಿಕೊಳ್ಳುವುದಕ್ಕೆ ಸರಿಯಾದ ಕಾರಣವೊಂದನ್ನು ನಾನು ಇನ್ನೂ ಕೇಳಿಲ್ಲ, ಕೆಲವು ವಸ್ತುಗಳಿಗೆ ಮಾತ್ರ ಇದು ಸರಿ.

ಸಂಸ್ಥೆಯೇ ಪ್ರತಿ ತೆಗೆದುಕೊಡುವ ಪದ್ಧತಿಯ ವಿಷಯ ಬೇರೆ. ತರಬೇತಿಯಿರುವ ಸಿಬ್ಬಂದಿ, ಒಳ್ಳೆಯ ಸ್ಕ್ಯಾನರು, ನಿಗದಿಯಾದ ದರ ಇದ್ದಲ್ಲಿ ಗುಣಮಟ್ಟ ಚೆನ್ನಾಗಿರುತ್ತದೆ, ದಾಖಲೆಯನ್ನು ಹೊರಗಿನವರು ಕಡಿಮೆ ಮುಟ್ಟುತ್ತಾರೆ, ಯಾವ ಪುಟದ ಪ್ರತಿ ಯಾರಿಗೆ ಹೋಯಿತು ಎಂಬುದು ಪುಸ್ತಕದಲ್ಲಿ ಉಳಿಯುತ್ತದೆ. ಮುದ್ರಣಕ್ಕೆ ಬೇಕಾದ ಚಿತ್ರಕ್ಕೆ ಇದಕ್ಕಿಂತ ಉತ್ತಮ ದಾರಿಯಿಲ್ಲ. ನ್ಯಾಯಾಲಯಕ್ಕೋ ಕಂದಾಯ ಕಚೇರಿಗೋ ಕೊಡಬೇಕಾದ ದೃಢೀಕೃತ ನಕಲಂತೂ ಸಂಸ್ಥೆಯ ಮುದ್ರೆಯಿಲ್ಲದೆ ಆಗುವುದೇ ಇಲ್ಲ. ಇನಾಂ ಜಮೀನು, ವಂಶವೃಕ್ಷ ಎಂದು ಹುಡುಕಿಕೊಂಡು ಬರುವವರಿಗೆ ಮೊಬೈಲಿನ ಚಿತ್ರ ಆ ನಕಲಿಗೆ ಬದಲಿಯಲ್ಲ ಎಂಬುದನ್ನು ಮೇಜಿನಲ್ಲೇ ಸ್ಪಷ್ಟವಾಗಿ ಹೇಳಬೇಕು. ತೊಂದರೆ ಬರುವುದು ಇದೊಂದೇ ದಾರಿಯಾದಾಗ. ಚಿಕ್ಕ ಸಂಸ್ಥೆಯಲ್ಲಿ ದಾಖಲೆ ತರುವವರು, ಓದುಗರ ಹೆಸರು ಬರೆದುಕೊಳ್ಳುವವರು, ಪ್ರತಿ ತೆಗೆಯುವವರು ಎಲ್ಲ ಒಬ್ಬರೇ ಆಗಿರುತ್ತಾರೆ. ನಲವತ್ತು ಪುಟದ ಬೇಡಿಕೆ ವಾರಗಟ್ಟಲೆ ಕಾಯುತ್ತದೆ, ಅಷ್ಟರಲ್ಲಿ ಕೇಳಿದವರು ಊರಿಗೆ ಮರಳಿರುತ್ತಾರೆ. ಆದ್ದರಿಂದ ಈ ಸೇವೆಯನ್ನು ಉಳಿಸಿಕೊಳ್ಳಿ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ದಾರಿಯನ್ನೂ ತೆರೆಯಿರಿ.

ಶುಲ್ಕ ಪಡೆದು ಕೊಡುವ ಅನುಮತಿ

ಶುಲ್ಕದಲ್ಲಿ ಎರಡು ಬಗೆ, ಪುಟಕ್ಕೆ ಇಷ್ಟು ಎಂಬುದು ಮತ್ತು ದಿನಕ್ಕೆ ಇಷ್ಟು ಎಂಬುದು. ಪುಟದ ಲೆಕ್ಕವನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಸಂಜೆ ಮೊಬೈಲಿನ ಚಿತ್ರಗಳನ್ನು ಒಂದೊಂದಾಗಿ ಸರಿಸಿ ಎಣಿಸಬೇಕಾಗುತ್ತದೆ, ಮಸುಕಾಗಿ ಬಂದದ್ದಕ್ಕೂ ಹಣ ಕೊಡಬೇಕೇ ಎಂಬ ವಾದ ಹುಟ್ಟುತ್ತದೆ, ಸಿಬ್ಬಂದಿ ಪರರ ಮೊಬೈಲನ್ನು ತಡಕಾಡುವಂತಾಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಹಣ ಉಳಿಸಲು ಓದುಗರು ಪತ್ರದ ನಡುವಿನ ಪುಟವನ್ನು ಮಾತ್ರ ತೆಗೆದು ಮೇಲಿನ ತಾರೀಖು, ಕೆಳಗಿನ ಸಹಿ, ಹಿಂಬದಿಯ ಷರಾ ಇವನ್ನು ಬಿಟ್ಟುಬಿಡುತ್ತಾರೆ. ದಾಖಲೆಯ ಸಂದರ್ಭವನ್ನೇ ಕಳೆಯುವ ನಿಯಮ ಪತ್ರಾಗಾರದ ಉದ್ದೇಶಕ್ಕೆ ವಿರುದ್ಧವಾದದ್ದು.

ದಿನದ ಶುಲ್ಕ ಸರಳ, ಮತ್ತು ಸ್ವಂತ ಕಾಲ ಮೇಲೆ ನಿಲ್ಲಬೇಕಾದ ಖಾಸಗಿ ಟ್ರಸ್ಟುಗಳಿಗೆ ಅದನ್ನು ಪೂರ್ತಿ ಬೇಡ ಎನ್ನಲಾಗದು. ರಶೀದಿ ಪುಸ್ತಕ, ಲೆಕ್ಕ ಪರಿಶೋಧನೆ, ಬ್ಯಾಂಕಿಗೆ ಕಟ್ಟುವ ಓಡಾಟ ಇವುಗಳ ಖರ್ಚನ್ನು ಕಳೆದ ಮೇಲೆ ಉಳಿಯುವುದು ಎಷ್ಟು ಎಂದು ಒಮ್ಮೆ ಕೂಡಿಸಿ ನೋಡಿ. ಹಣ ಬೇಕೆಂದಿದ್ದರೆ ಅದನ್ನು ಕೇಳಬೇಕಾದ ಜಾಗ ಬೇರೆ: ಜಾಹೀರಾತು, ಸಾಕ್ಷ್ಯಚಿತ್ರ, ಹೋಟೆಲಿನ ಗೋಡೆಯ ಅಲಂಕಾರ, ದುಬಾರಿ ಚಿತ್ರಪುಸ್ತಕ ಇಂಥ ವಾಣಿಜ್ಯ ಬಳಕೆಗೆ ಪ್ರತ್ಯೇಕ ಪರವಾನಗಿ ಇಟ್ಟು ತಕ್ಕ ಶುಲ್ಕ ಪಡೆಯಿರಿ. ಓದುವುದಕ್ಕಾಗಿ ತೆಗೆಯುವ ಚಿತ್ರದ ಮೇಲೆ ಬೇಡ.

ಶುಲ್ಕವಿಲ್ಲದ, ಷರತ್ತುಬದ್ಧ ಅನುಮತಿ

ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಓದುಗರು ಫ್ಲಾಶ್ ಇಲ್ಲದೆ ಸ್ವಂತ ಕ್ಯಾಮೆರಾದಿಂದ ಉಚಿತವಾಗಿ ಚಿತ್ರ ತೆಗೆಯಬಹುದು. ಬ್ರಿಟಿಷ್ ಲೈಬ್ರರಿ ತನ್ನ ವಾಚನ ಕೊಠಡಿಗಳಲ್ಲಿ 2015ರಿಂದ ಇದಕ್ಕೆ ಅವಕಾಶ ಕೊಟ್ಟಿತು, ನಿರ್ಬಂಧಿತ ವಸ್ತುಗಳನ್ನು ಮಾತ್ರ ಹೊರಗಿಟ್ಟಿತು. ಬ್ರಿಟಿಷರ ಕಾಲದಲ್ಲಿ ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸ್ ಎಂಬ ಇಲಾಖೆಯ ದಾಖಲೆಗಳಿರುವುದು ಅಲ್ಲಿಯೇ, ಮೈಸೂರಿನ ಚರಿತ್ರೆಗೆ ಬೇಕಾದ ಕಾಗದಗಳೂ ಅವುಗಳಲ್ಲಿವೆ. ನಮ್ಮ ನಾಡಿನ ಕಾಗದವನ್ನು ಅಲ್ಲಿ ಸುಲಭವಾಗಿ ಚಿತ್ರ ತೆಗೆದುಕೊಂಡು ಬರಬಹುದಾದರೆ, ವಿಮಾನದ ಟಿಕೆಟ್ಟಿಗೆ ಹಣವಿಲ್ಲದ ನಮ್ಮದೇ ವಿದ್ಯಾರ್ಥಿಗೆ ಇಲ್ಲಿ ಅದಕ್ಕಿಂತ ಕಡಿಮೆ ಸೌಲಭ್ಯ ಇರಬಾರದು ಎಂಬುದು ನನ್ನ ಬಲವಾದ ನಂಬಿಕೆ.

ಈ ದಾರಿಗೆ ಎದುರಾಗುವ ಆಕ್ಷೇಪಗಳಲ್ಲಿ ತೂಕವಿರುವುದು ಒಂದೇ, ಚಿತ್ರ ಕೊಠಡಿಯಿಂದ ಹೊರಗೆ ಹೋದ ಮೇಲೆ ಅದರ ಮೇಲೆ ಸಂಸ್ಥೆಗೆ ಹಿಡಿತವಿರುವುದಿಲ್ಲ ಎಂಬುದು. ವಾಟ್ಸ್ಆಪ್ ಗುಂಪುಗಳಲ್ಲಿ ಮೂಲದ ಹೆಸರೇ ಇಲ್ಲದೆ ಓಡಾಡುವ ಹಳೆಯ ಪತ್ರಗಳ ಚಿತ್ರಗಳನ್ನು ನೋಡಿದವರಿಗೆ ಈ ಆತಂಕ ಅರ್ಥವಾಗುತ್ತದೆ. ಅದಕ್ಕೆ ಮದ್ದು ನಿಷೇಧವಲ್ಲ, ಪ್ರತಿ ಚೌಕಟ್ಟಿನಲ್ಲೂ ಇರಬೇಕಾದ ಗುರುತಿನ ಪಟ್ಟಿ. ಸಂಸ್ಥೆಯ ಹೆಸರು, ಸಂಗ್ರಹದ ಹೆಸರು, ಫೈಲಿನ ಸಂಖ್ಯೆ, ವರ್ಷ ಇಷ್ಟನ್ನು ಬರೆಯಬಹುದಾದ ಬೆರಳಗಲದ ರಟ್ಟಿನ ಪಟ್ಟಿಯನ್ನು ದಾಖಲೆಯ ಪಕ್ಕದಲ್ಲಿ, ಅಕ್ಷರಗಳ ಮೇಲೆ ಬಾರದಂತೆ ಇಟ್ಟು ಚಿತ್ರ ತೆಗೆಯಬೇಕು ಎಂದು ನಿಯಮ ಮಾಡಿ. ಪಟ್ಟಿಯ ಅಂಚಿನಲ್ಲಿ ಸೆಂಟಿಮೀಟರಿನ ಗುರುತುಗಳಿದ್ದರೆ ದಾಖಲೆಯ ಅಳತೆಯೂ ಚಿತ್ರದಲ್ಲಿ ಬರುತ್ತದೆ. ಚಿತ್ರ ಎಲ್ಲಿಗೆ ಹೋದರೂ ಅದರ ಮನೆ ಯಾವುದು ಎಂಬುದು ಅದರ ಮೇಲೆಯೇ ಇರುತ್ತದೆ. ಐದು ವರ್ಷದ ನಂತರ ತನ್ನ ಮೊಬೈಲಿನ ರಾಶಿಯಲ್ಲಿ ಯಾವ ಚಿತ್ರ ಯಾವ ಫೈಲಿನದು ಎಂದು ತಿಳಿಯದೆ ಕಂಗಾಲಾಗುವ ಸಂಶೋಧಕರಿಗೂ ಇದೇ ಆಸರೆ.

ಮುಚ್ಚಳಿಕೆ ಒಂದು ಪುಟವನ್ನು ಮೀರಬಾರದು, ಕನ್ನಡದಲ್ಲಿರಬೇಕು. ಚಿತ್ರಗಳನ್ನು ಸ್ವಂತ ಅಧ್ಯಯನಕ್ಕೆ ಬಳಸುತ್ತೇನೆ, ಪ್ರಕಟಿಸುವ ಮುನ್ನ ಸಂಸ್ಥೆಗೆ ಬರೆದು ತಿಳಿಸುತ್ತೇನೆ, ಉಲ್ಲೇಖದಲ್ಲಿ ಸಂಸ್ಥೆಯ ಹೆಸರನ್ನೂ ಫೈಲಿನ ಸಂಖ್ಯೆಯನ್ನೂ ಕೊಡುತ್ತೇನೆ, ಕೃತಿಸ್ವಾಮ್ಯದ ಹೊಣೆ ನನ್ನದು ಎಂಬ ನಾಲ್ಕು ಮಾತುಗಳು ಅದರಲ್ಲಿದ್ದರೆ ಸಾಕು. ತೆಗೆದ ಎಲ್ಲ ಚಿತ್ರಗಳ ಒಂದು ಪ್ರತಿಯನ್ನು ಸಂಸ್ಥೆಗೆ ಕೊಡಲೇಬೇಕು ಎಂಬ ಷರತ್ತನ್ನು ಕೆಲವರು ಸೇರಿಸಲು ಬಯಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಏಕೆಂದರೆ ಒಬ್ಬೊಬ್ಬರ ಮೊಬೈಲಿನ ಚಿತ್ರ ಒಂದೊಂದು ರೀತಿ ಇರುತ್ತದೆ, ಪಟ್ಟಿ ಮಾಡದೆ ಹಾರ್ಡ್ ಡಿಸ್ಕಿನಲ್ಲಿ ತುಂಬಿದ ಸಾವಿರಾರು ಚಿತ್ರಗಳಿಂದ ಯಾರಿಗೂ ಉಪಯೋಗವಿಲ್ಲ. ಇಷ್ಟವಿದ್ದವರು ಕೊಡಲಿ, ಅದರಲ್ಲೂ ಪುಡಿಯಾಗುತ್ತಿರುವ ದಾಖಲೆಯದಾದರೆ ಕೇಳಿ ಪಡೆಯಿರಿ.

ಸ್ಟ್ಯಾಂಡು, ಸ್ಕ್ಯಾನರು, ಡಿಜಿಟಲೀಕರಣ

ಅನುಮತಿ ಕೊಡುವ ಸಂಸ್ಥೆ ಹಣ ಹಾಕಬೇಕಾದ ಮೊದಲ ವಸ್ತು ಮೊಬೈಲ್ ಕೂರಿಸುವ ಸ್ಟ್ಯಾಂಡು. ಬಡಗಿಯೊಬ್ಬರಿಂದ ಮರದ ಹಲಗೆ ಮತ್ತು ಅಡ್ಡತೋಳು ಮಾಡಿಸಿದರೂ ನಡೆಯುತ್ತದೆ. ಎರಡೂ ಕೈ ಬಿಡುವಾಗುವುದರಿಂದ ಪುಟವನ್ನು ಮೆಲ್ಲಗೆ ಮಗುಚಬಹುದು, ಚಿತ್ರ ಅಲುಗುವುದಿಲ್ಲ, ಓದುಗರು ಕುರ್ಚಿಯ ಮೇಲೆ ಹತ್ತಿ ನಿಲ್ಲುವ ಪ್ರಮೇಯ ಬರುವುದಿಲ್ಲ. ಜೊತೆಗೆ ರಿಜಿಸ್ಟರಿನ ಎರಡು ರಟ್ಟುಗಳಿಗೂ ಆಸರೆಯಾಗುವ, ಬಿಳಿಯ ಹತ್ತಿಬಟ್ಟೆ ಹೊಲಿದ ಇಳಿಜಾರು ದಿಂಬುಗಳು ಬೇಕು. ಪುಸ್ತಕವನ್ನು ಪೂರ್ತಿ ಬಿಚ್ಚದೆ ಮುಕ್ಕಾಲು ತೆರೆದಿಟ್ಟೇ ಚಿತ್ರ ತೆಗೆಯಲು ಅವು ನೆರವಾಗುತ್ತವೆ. ಮೇಲಿನಿಂದ ತೆಗೆಯುವ ಸ್ಕ್ಯಾನರು ಇದ್ದರೆ ಒಳ್ಳೆಯದೇ, ಆದರೆ ಒಂದು ಯಂತ್ರಕ್ಕೆ ನಾಲ್ವರು ಸರದಿ ನಿಲ್ಲುತ್ತಾರೆ ಮತ್ತು ಕೆಟ್ಟಾಗ ರಿಪೇರಿಗೆ ಬರುವವರಿಗಾಗಿ ಕಾಯಬೇಕಾಗುತ್ತದೆ. ಸ್ಟ್ಯಾಂಡಿಗೆ ಆ ಚಿಂತೆಯಿಲ್ಲ.

ಇಡೀ ಸಂಗ್ರಹವನ್ನು ಡಿಜಿಟಲೀಕರಿಸಿ ಅಂತರ್ಜಾಲದಲ್ಲಿ ಇಡುವುದು ಎಲ್ಲರ ಆಸೆ. ಭಾರತದ ರಾಷ್ಟ್ರೀಯ ಪತ್ರಾಗಾರ 2015ರಲ್ಲಿ ಆರಂಭಿಸಿದ ಅಭಿಲೇಖ ಪಟಲ ಜಾಲತಾಣದಿಂದ ದೆಹಲಿಯ ಎಷ್ಟೋ ಫೈಲುಗಳನ್ನು ಮಲ್ಲೇಶ್ವರದಲ್ಲಿ ಕುಳಿತೇ ಓದಬಹುದಾಗಿದೆ. ನಮ್ಮ ನಗರದಲ್ಲೇ ಸರ್ವೆಂಟ್ಸ್ ಆಫ್ ನಾಲೆಡ್ಜ್ ಹೆಸರಿನಲ್ಲಿ ನಡೆಯುತ್ತಿರುವ ಸ್ಕ್ಯಾನಿಂಗ್ ಕಾರ್ಯ ಕನ್ನಡದ ಅಪಾರ ಮುದ್ರಿತ ಸಾಹಿತ್ಯವನ್ನು ಇಂಟರ್ನೆಟ್ ಆರ್ಕೈವಿನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಅಪಾಯದಲ್ಲಿರುವ ಪತ್ರಾಗಾರಗಳ ಕಾರ್ಯಕ್ರಮ ಮೂಲ ದಾಖಲೆಗಳನ್ನು ಅವುಗಳ ದೇಶದಲ್ಲೇ ಉಳಿಸಿ ಚಿತ್ರೀಕರಣಕ್ಕೆ ಧನಸಹಾಯ ಕೊಡುತ್ತದೆ, ಚಿಕ್ಕ ಸಂಸ್ಥೆಗಳು ಅತ್ತ ಗಮನ ಹರಿಸಬಹುದು. ಆದರೆ ಈ ಕೆಲಸದಲ್ಲಿ ಚಿತ್ರ ತೆಗೆಯುವುದು ಚಿಕ್ಕ ಭಾಗ. ಪಟ್ಟಿ ಮಾಡುವುದು, ಪುಟಗಳ ಕ್ರಮ ಸರಿಪಡಿಸುವುದು, ವಿವರ ಬರೆಯುವುದು, ಹಕ್ಕುಗಳನ್ನು ಪರಿಶೀಲಿಸುವುದು, ಮೂರು ಕಡೆ ಪ್ರತಿ ಕಾಪಾಡುವುದು ಇವೇ ವರ್ಷಗಳನ್ನು ತಿನ್ನುತ್ತವೆ. “ಮುಂದೆ ಎಲ್ಲವನ್ನೂ ಡಿಜಿಟಲ್ ಮಾಡುತ್ತೇವೆ, ಅಲ್ಲಿಯವರೆಗೆ ಫೋಟೋ ಬೇಡ” ಎಂಬ ಉತ್ತರವನ್ನು ನಾನು ಹಲವು ಕಡೆ ಕೇಳಿದ್ದೇನೆ. ಪಿಎಚ್‌.ಡಿ. ಅವಧಿ ಮುಗಿಯುತ್ತಾ ಬಂದ ವಿದ್ಯಾರ್ಥಿಗೆ ಆ ‘ಮುಂದೆ’ ಎಂಬುದು ಬರುವುದೇ ಇಲ್ಲ. ಡಿಜಿಟಲೀಕರಣದ ಯೋಜನೆಯನ್ನು ಇಂದಿನ ಓದುಗರನ್ನು ತಡೆಯಲು ಬಳಸಬಾರದು.

ದಾಖಲೆಯ ಸ್ವರೂಪ ನೋಡಿ ನಿರ್ಧಾರ

ಬಿಡಿ ಹಾಳೆಗಳ, ಲಾಡಿ ಕಟ್ಟಿದ ಸರ್ಕಾರಿ ಫೈಲುಗಳು ಚಿತ್ರ ತೆಗೆಯಲು ಅತ್ಯಂತ ಸುಲಭ. ಇಲ್ಲಿ ಗಮನಿಸಬೇಕಾದದ್ದು ಹಾಳೆಗಳ ಕ್ರಮ ಮಾತ್ರ: ಒಂದು ಹಾಳೆ ಎತ್ತಿ, ಚಿತ್ರ ತೆಗೆದು, ಅದೇ ಕ್ರಮದಲ್ಲಿ ಮಗುಚಿಟ್ಟು ಮುಂದಿನದಕ್ಕೆ ಹೋಗಬೇಕು. ಹಳೆಯ ಫುಲ್‌ಸ್ಕೇಪ್ ಹಾಳೆಯ ಉದ್ದ ಸುಮಾರು ಹದಿಮೂರೂವರೆ ಅಂಗುಲ. 12 ಮೆಗಾಪಿಕ್ಸೆಲ್ ಮೊಬೈಲ್ ಚಿತ್ರದ ಉದ್ದ ಸುಮಾರು 4000 ಬಿಂದು (ಪಿಕ್ಸೆಲ್). ಹಾಳೆ ಚೌಕಟ್ಟನ್ನು ತುಂಬುವಂತೆ ತೆಗೆದರೆ ಅಂಗುಲಕ್ಕೆ ಹತ್ತಿರ ಹತ್ತಿರ 300 ಬಿಂದು ಸಿಗುತ್ತದೆ, ಓದುವುದಕ್ಕೆ ಅದು ಧಾರಾಳ. ಅದೇ ಮೊಬೈಲಿನಲ್ಲಿ ಮೂರು ಅಡಿ ಉದ್ದದ ನಕ್ಷೆಯನ್ನು ಒಂದೇ ಚಿತ್ರದಲ್ಲಿ ತೆಗೆದರೆ ಅಂಗುಲಕ್ಕೆ ಸುಮಾರು 111 ಬಿಂದು ಮಾತ್ರ ಉಳಿದು, ಕೆರೆ, ಗದ್ದೆ, ಸರ್ವೆ ಸಂಖ್ಯೆಗಳ ಸಣ್ಣ ಅಕ್ಷರ ಕರಗಿಹೋಗುತ್ತವೆ. ನಕ್ಷೆಗಳನ್ನು ಸಂಸ್ಥೆಯ ಸ್ಕ್ಯಾನಿಂಗ್ ಸೇವೆಗೆ ಬಿಡುವುದು ಅಥವಾ ಭಾಗ ಭಾಗವಾಗಿ ತೆಗೆಯಲು ಹೇಳುವುದು ಒಳಿತು.

ನಮ್ಮ ನಾಡಿಗೇ ವಿಶಿಷ್ಟವಾದ ಬಟ್ಟೆಯ ಕಡತಗಳ ಬಗ್ಗೆ ಹೆಚ್ಚು ಹೇಳಬೇಕು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಈ ಕಡತಗಳಲ್ಲಿ ಅಕ್ಷರ ಬಟ್ಟೆಯ ಮೇಲೆ ಕುಳಿತಿರುತ್ತದೆಯೇ ಹೊರತು ಒಳಕ್ಕೆ ಇಳಿದಿರುವುದಿಲ್ಲ. ಬೆರಳು ತಾಗಿದರೆ, ಮಡಿಕೆಗಳು ಒಂದಕ್ಕೊಂದು ಉಜ್ಜಿದರೆ ಅಕ್ಷರ ಅಳಿಯುತ್ತದೆ. ಹೀಗಾಗಿ ಇವುಗಳಿಗೆ ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮ ಬೇಕು, ಆದರೆ ಆ ನಿಯಮ ಕ್ಯಾಮೆರಾಕ್ಕೆ ವಿರುದ್ಧವಾಗಿರಬಾರದು, ಪರವಾಗಿರಬೇಕು. ಸಿಬ್ಬಂದಿಯೇ ಮಡಿಕೆ ಬಿಡಿಸಲಿ, ಓದುಗರು ಒಮ್ಮೆ ಚಿತ್ರ ತೆಗೆದುಕೊಳ್ಳಲಿ, ಆಮೇಲಿನ ಓದೆಲ್ಲ ಚಿತ್ರದಿಂದ ನಡೆಯಲಿ. ಕಪ್ಪು ನೆಲ ಕಂಡಾಗ ಮೊಬೈಲು ತಾನಾಗಿ ಚಿತ್ರವನ್ನು ಬೆಳಗಿಸುವುದರಿಂದ ಬಿಳಿಯ ಅಕ್ಷರಗಳು ಉಬ್ಬಿ ಬೆಸೆದುಹೋಗುತ್ತವೆ. ಪರದೆಯ ಮೇಲೆ ಬೆಳಕಿನ ಗುರುತನ್ನು ಕೈಯಿಂದ ಕೆಳಗಿಳಿಸಿ ತೆಗೆಯಬೇಕು.

ಓಲೆಗರಿಗಳ ವಿಷಯದಲ್ಲೂ ಮಗುಚುವ ಕೆಲಸ ಸಿಬ್ಬಂದಿಯದೇ ಆಗಿರಲಿ. ಮಸಿ ತುಂಬದ ಅಥವಾ ಮಸಿ ಮಾಸಿದ ಗರಿಯ ಗೀರುಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಅಕ್ಷರ ಕಾಣಲೆಂದು ಓದುಗರು ಎಣ್ಣೆಯನ್ನೋ ಮಸಿಯನ್ನೋ ಸವರುವುದಕ್ಕೆ ಯಾವ ಕಾರಣಕ್ಕೂ ಆಸ್ಪದ ಇರಬಾರದು. ಎಂಟು ಹತ್ತು ಗರಿಗಳನ್ನು ಸಾಲಾಗಿ ಹರವಿ ಒಂದೇ ಚಿತ್ರ ತೆಗೆಯುವ ಅಭ್ಯಾಸ ಬೇಡ, ಒಂದು ಗರಿಗೆ ಒಂದು ಚಿತ್ರ, ಮುಂಬದಿ ಹಿಂಬದಿ ಎರಡೂ.

ಹತ್ತೊಂಬತ್ತನೆಯ ಶತಮಾನದ ಕಬ್ಬಿಣಾಂಶದ ಶಾಯಿ ಕಾಗದವನ್ನು ತಿಂದು ತೂತು ಮಾಡಿರುವ ರಿಜಿಸ್ಟರುಗಳು, ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅಚ್ಚಾಗಿ ಈಗ ಅಂಚು ಮುಟ್ಟಿದರೆ ಪುಡಿಯಾಗುವ ಹಳೆಯ ಪತ್ರಿಕೆಗಳು ಇವುಗಳನ್ನು ಸಂರಕ್ಷಣೆ ಆಗುವವರೆಗೆ ಓದಲೂ ಕೊಡಬಾರದು. ಗಾಜಿನ ನೆಗೆಟಿವುಗಳೂ ಅಷ್ಟೇ.

ಕಾನೂನು ಮತ್ತು ಖಾಸಗಿತನ

ಕೃತಿಸ್ವಾಮ್ಯದ ಭಯದಿಂದ ಎಲ್ಲವನ್ನೂ ಮುಚ್ಚುವ ಸಂಸ್ಥೆಗಳು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮನ್ನು ಒಮ್ಮೆ ಓದಬೇಕು. ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆಗೆ ನ್ಯಾಯಯುತವಾಗಿ ಪ್ರತಿ ಮಾಡಿಕೊಳ್ಳುವುದು ಅದರ ಪ್ರಕಾರ ಉಲ್ಲಂಘನೆಯಲ್ಲ. ಸಾರ್ವಜನಿಕರಿಗೆ ಪ್ರವೇಶವಿರುವ ಗ್ರಂಥಾಲಯ, ವಸ್ತುಸಂಗ್ರಹಾಲಯ ಮುಂತಾದ ಸಂಸ್ಥೆಯಲ್ಲಿರುವ ಅಪ್ರಕಟಿತ ಬರಹವನ್ನು ಸಂಶೋಧನೆಗಾಗಿಯೋ ಪ್ರಕಟಣೆಯ ಉದ್ದೇಶದಿಂದಲೋ ಪ್ರತಿ ಮಾಡುವುದಕ್ಕೂ ಪ್ರತ್ಯೇಕ ಅವಕಾಶವಿದೆ, ಆದರೆ ಬರೆದವರು ಯಾರೆಂದು ಗೊತ್ತಿದ್ದಲ್ಲಿ ಅವರು ತೀರಿಕೊಂಡು 60 ವರ್ಷ ಕಳೆದಿರಬೇಕು. ಪತ್ರಗಳ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ: ಪತ್ರದ ಕಾಗದ ಪಡೆದವರದ್ದು ಅಥವಾ ಅವರು ಕೊಟ್ಟ ಸಂಸ್ಥೆಯದ್ದು, ಅದರೊಳಗಿನ ಮಾತಿನ ಹಕ್ಕು ಬರೆದವರದ್ದು. ಸಂಗ್ರಹ ದಾನವಾಗಿ ಬಂದಾಗ ಸಂಸ್ಥೆಗೆ ಹಕ್ಕೂ ಬಂದಿದೆ ಎಂದುಕೊಂಡು ಪ್ರಕಟಣೆಗೆ ಅನುಮತಿ ಕೊಡುವುದು ತಪ್ಪು.

ಖಾಸಗಿತನದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ವಿದ್ಯಾರ್ಥಿನಿಲಯದ ದಾಖಲಾತಿ ರಿಜಿಸ್ಟರಿನಲ್ಲಿ ಹುಡುಗನ ಜಾತಿ, ತಂದೆಯ ಆದಾಯ, ಶುಲ್ಕ ಕಟ್ಟಲಾಗದೆ ಬರೆದ ಅರ್ಜಿ ಎಲ್ಲ ಇರುತ್ತವೆ, ಮತ್ತು ಆ ಹುಡುಗ ಇಂದು ಇದೇ ನಗರದಲ್ಲಿ ಅಜ್ಜನಾಗಿ ಬದುಕಿರಬಹುದು. ಆಸ್ಪತ್ರೆಯ, ಅನಾಥಾಲಯದ, ಕೌಟುಂಬಿಕ ವ್ಯಾಜ್ಯದ ದಾಖಲೆಗಳೂ ಹಾಗೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಗದದಲ್ಲಿದ್ದು ಆಮೇಲೆ ಡಿಜಿಟಲ್ ರೂಪಕ್ಕೆ ಬಂದ ಮಾಹಿತಿಗೂ ಅನ್ವಯಿಸುತ್ತದೆ. ಸಂಶೋಧನೆ ಮತ್ತು ಪತ್ರಾಗಾರದ ಉದ್ದೇಶಕ್ಕೆ ಅದರಲ್ಲಿ ವಿನಾಯಿತಿ ಇದೆ. ಆ ಮಾಹಿತಿಯಿಂದ ಯಾವೊಬ್ಬ ವ್ಯಕ್ತಿಯ ಬಗ್ಗೆಯೂ ನಿರ್ಧಾರ ಕೈಗೊಳ್ಳಬಾರದು ಮತ್ತು ನಿಗದಿಪಡಿಸಿದ ಮಾನದಂಡಗಳನ್ನು ಪಾಲಿಸಬೇಕು ಎಂಬುದು ಅದಕ್ಕಿರುವ ಷರತ್ತು. ಕಾಯ್ದೆಯ ಮಾತು ಬದಿಗಿರಲಿ, ಒಬ್ಬರು ಓದಿ ಒಟ್ಟು ಸಂಖ್ಯೆಗಳನ್ನು ಬರೆದುಕೊಳ್ಳುವುದಕ್ಕೂ ಇಡೀ ರಿಜಿಸ್ಟರಿನ ಹೆಸರುಗಳು ಮೊಬೈಲಿಗೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಓದಬಹುದು, ಚಿತ್ರ ತೆಗೆಯುವಂತಿಲ್ಲ ಎಂಬ ಮೂರನೆಯ ವರ್ಗ ಬೇಕಾಗುವುದು ಇಂಥ ದಾಖಲೆಗಳಿಗೆ. ಆ ವರ್ಗಕ್ಕೆ ಸೇರಿದವುಗಳ ಪಟ್ಟಿಯನ್ನು ಮೊದಲೇ ಮಾಡಿ ಮೇಜಿನ ಮೇಲೆ ಇಟ್ಟಿದ್ದರೆ ಪಕ್ಷಪಾತದ ಆರೋಪಕ್ಕೆ ಜಾಗವಿರುವುದಿಲ್ಲ.

ಯಾರಿಗೆ ಯಾವುದು

ಸಿಬ್ಬಂದಿಯೂ ಯಂತ್ರಗಳೂ ಇರುವ ದೊಡ್ಡ ಸಾರ್ವಜನಿಕ ಪತ್ರಾಗಾರಕ್ಕೆ ಉಚಿತ ಅನುಮತಿ, ಸ್ಟ್ಯಾಂಡುಗಳು, ಜೊತೆಗೆ ದೃಢೀಕೃತ ನಕಲು ಮತ್ತು ಮುದ್ರಣ ಗುಣಮಟ್ಟದ ಪ್ರತಿಗೆ ಶುಲ್ಕದ ಸೇವೆ ಹೊಂದುತ್ತದೆ. ಒಬ್ಬರೇ ನಡೆಸುವ ಕಾಲೇಜು ಅಥವಾ ಟ್ರಸ್ಟಿನ ಸಂಗ್ರಹಕ್ಕೂ ಉಚಿತ ಅನುಮತಿಯೇ ಸರಿ, ಆದರೆ ವಾರಕ್ಕೆ ಎರಡು ಗೊತ್ತಾದ ದಿನ, ಒಂದು ಹೊತ್ತಿಗೆ ಇಬ್ಬರೇ ಓದುಗರು, ಒಮ್ಮೆಗೆ ಒಂದೇ ಕಟ್ಟು ಎಂಬ ಮಿತಿ ಇರಲಿ; ಇಂಥ ಕಡೆ ಪ್ರತಿ ತೆಗೆದುಕೊಡುವ ಸೇವೆಯನ್ನು ಹೊತ್ತುಕೊಂಡರೆ ಉಳಿದ ಕೆಲಸವೆಲ್ಲ ನಿಂತುಹೋಗುತ್ತದೆ. ಮಠ, ದೇವಸ್ಥಾನ, ಚರ್ಚುಗಳಲ್ಲಿ ದಾಖಲೆಗಳಿಗೆ ಪೂಜ್ಯತೆಯ ಭಾವವೂ ಸೇರಿರುತ್ತದೆ, ಅದನ್ನು ಬಂದವರು ಗೌರವಿಸಬೇಕು. ಅಲ್ಲಿ ಸಂಸ್ಥೆಯೇ ಒಮ್ಮೆ ಚೆನ್ನಾಗಿ ಚಿತ್ರೀಕರಿಸಿ, ಓದುಗರಿಗೆ ಆ ಚಿತ್ರಗಳನ್ನು ಕೊಡುವ ದಾರಿ ಎಲ್ಲರಿಗೂ ಹಿತವಾಗುತ್ತದೆ. ವಿಜ್ಞಾನಿಗಳ, ಬರಹಗಾರರ ಖಾಸಗಿ ಕಾಗದಗಳನ್ನು ಪಡೆಯುವ ಸಂಸ್ಥೆಗಳು ದಾನಪತ್ರಕ್ಕೆ ಸಹಿ ಹಾಕಿಸುವ ದಿನವೇ ಚಿತ್ರ ತೆಗೆಯುವ ಅನುಮತಿಯ ಬಗ್ಗೆ ಕುಟುಂಬದವರೊಂದಿಗೆ ಮಾತಾಡಿ ಬರೆಸಿಕೊಳ್ಳಬೇಕು, ಹತ್ತು ವರ್ಷದ ಮೇಲೆ ವಾರಸುದಾರರನ್ನು ಹುಡುಕುವುದು ಕಷ್ಟ.

ಚಿತ್ರ ತೆಗೆಯುವವರಿಗೂ ಎರಡು ಮಾತು. ಮೊಬೈಲಿನ ದಾಖಲೆ ಸ್ಕ್ಯಾನ್ ಮಾಡುವ ಆಪ್‌ಗಳು ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ಮಾಸಿದ ಮುದ್ರೆ, ಪೆನ್ಸಿಲಿನ ಷರಾಗಳನ್ನು ಅಳಿಸಿಬಿಡುತ್ತವೆ, ಸಾಮಾನ್ಯ ಕ್ಯಾಮೆರಾವನ್ನೇ ಬಳಸಿ. ಫೈಲಿನ ಹೊರರಟ್ಟಿನಿಂದ ಆರಂಭಿಸಿ, ಖಾಲಿ ಹಿಂಬದಿ ಎಂದು ಕಂಡದ್ದನ್ನೂ ಒಮ್ಮೆ ಮಗುಚಿ ನೋಡಿ, ಸಂಜೆಯೇ ಚಿತ್ರಗಳನ್ನು ಫೈಲಿನ ಸಂಖ್ಯೆಯ ಹೆಸರಿನ ಫೋಲ್ಡರಿಗೆ ಹಾಕಿ ಇನ್ನೊಂದು ಕಡೆಯೂ ಪ್ರತಿ ಇಡಿ. ಒಂದು ಚಿತ್ರಕ್ಕೆ ಮೂರು ನಾಲ್ಕು ಎಂಬಿ ಎಂದರೆ ಮುನ್ನೂರು ಚಿತ್ರಗಳಿಗೆ ಒಂದು ಜಿಬಿ ಆಗುತ್ತದೆ, ಮೊಬೈಲಿನಲ್ಲಿ ಜಾಗವಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ನಿಯಮ ಜಾರಿಗೆ ತರುವ ದಿನವೇ ಸಂಸ್ಥೆಯವರು ಒಂದು ಪುಸ್ತಕ ತೆರೆದು, ಯಾವ ಕಟ್ಟಿನ ಚಿತ್ರವನ್ನು ಎಷ್ಟು ಜನ ತೆಗೆದರು ಎಂದು ಬರೆಯಲು ಆರಂಭಿಸಲಿ. ವರ್ಷ ತುಂಬುವ ಹೊತ್ತಿಗೆ ಅದರಲ್ಲಿ ಪದೇ ಪದೇ ಕಾಣುವ ಕಟ್ಟುಗಳನ್ನೇ ಡಿಜಿಟಲೀಕರಣದ ಪಟ್ಟಿಯಲ್ಲಿ ಮೊದಲು ಹಾಕಬೇಕು, ಮತ್ತು ಅವುಗಳ ಚಿತ್ರ ಸಿದ್ಧವಾದ ಮೇಲೆ ಮೂಲವನ್ನು ವಿಶೇಷ ಕಾರಣವಿಲ್ಲದೆ ಹೊರಗೆ ತರಬಾರದು.